ಕೈಗೆ ಮಸಿ ಹತ್ತದ ಮ್ಯಾಂಗನೀಸ್

ನಾನು ಮ್ಯಾಂಗನೀಸ್ ಕಲ್ಲು ನೋಡಲು ಕಲಿತದ್ದು ಸಂಡೂರಿನಲ್ಲಿ. ಅಲ್ಲಿ ಸುಲಭ. ಬೆರಳಿಂದ ಉಜ್ಜಿ, ಮಸಿ ಹತ್ತಿದರೆ ಅದಿರು. ಅಂಗಿ, ಚೀಲ, ಊಟದ ಡಬ್ಬಿ ಎಲ್ಲಾ ಕಪ್ಪು.

ಅದೇ ಧೈರ್ಯದಲ್ಲಿ ಮಧ್ಯಪ್ರದೇಶದ ಬಾಲಾಘಾಟ್ ಕಡೆಗೆ ಹೋದೆ, ಮೊದಲ ವಾರವೇ ಎಡವಿದೆ. ಮಸಿ ಹತ್ತುತ್ತಿದ್ದ ಒಂದು ಪಟ್ಟಿಯನ್ನು ಅದಿರು ಅಂತ ನಕ್ಷೆಯಲ್ಲಿ ಗುರುತು ಹಾಕಿ, ಪಕ್ಕದಲ್ಲೇ ಇದ್ದ, ಕೈಗೆ ಏನೂ ಹತ್ತದ ಗಟ್ಟಿ ಬೂದು ಕಲ್ಲನ್ನು ಬಿಟ್ಟುಬಿಟ್ಟಿದ್ದೆ. ಜೊತೆಗಿದ್ದ ಹಿರಿಯರು ಮಾತಾಡಲಿಲ್ಲ, ಸುತ್ತಿಗೆ ತೆಗೆದುಕೊಂಡು ಎರಡನ್ನೂ ಒಡೆದರು. ನನ್ನ 'ಅದಿರಿ'ನ ಒಳಗೆ ಕಿತ್ತಳೆ ಬಣ್ಣದ ಗಾರ್ನೆಟ್ ಕಾಳುಗಳು, ಕ್ವಾರ್ಟ್ಜ್. ಕಪ್ಪು ಬರೀ ಮೇಲಿನ ಸಿಪ್ಪೆ, ಮಳೆ ಗಾಳಿಗೆ ಗಾರ್ನೆಟ್ ಶಿಥಿಲವಾಗಿ ಬಂದದ್ದು. ಬಿಟ್ಟ ಕಲ್ಲು ಬ್ರೌನೈಟ್. ಅದೇ ಅಸಲಿ ಮಾಲು.

ಆ ಗಾರ್ನೆಟ್ಟಿಗೆ ಸ್ಪೆಸ್ಸಾರ್ಟೀನ್ ಅಂತಾರೆ, ಕಲ್ಲಿಗೆ ಗೊಂಡೈಟ್. 1909ರಲ್ಲಿ ಭಾರತದ ಮ್ಯಾಂಗನೀಸ್ ಬಗ್ಗೆ ದಪ್ಪ ವರದಿ ಹೊರತಂದ ಭೂವಿಜ್ಞಾನಿ ಫರ್ಮರ್ ಅಲ್ಲಿನ ಗೊಂಡರ ಹೆಸರನ್ನೇ ಅದಕ್ಕೆ ಇಟ್ಟರು.

ಒಂದೇ ಕಡೆ ಎರಡೂ ಹೇಗೆ? ಎಲ್ಲವೂ ಹಳೇ ಸಮುದ್ರದ ತಳದ ಕೆಸರು, ಆಮೇಲೆ ಭೂಮಿಯ ಆಳದಲ್ಲಿ ಬೆಂದದ್ದು. ಮ್ಯಾಂಗನೀಸ್ ಜೊತೆ ಜೇಡಿಮಣ್ಣು ಬೆರೆತಿದ್ದಲ್ಲಿ ಅದರ ಅಲ್ಯೂಮಿನಿಯಂ ಸೇರಿ ಗಾರ್ನೆಟ್ ಆಯಿತು. ಜೇಡಿ ಇಲ್ಲದೆ ಆಕ್ಸೈಡ್ ಜೊತೆ ಒಂಚೂರು ಸಿಲಿಕಾ (ಕ್ವಾರ್ಟ್ಜ್ ಆಗಿರುವುದು ಇದರಿಂದಲೇ) ಮಾತ್ರ ಇದ್ದಲ್ಲಿ, ಆಕ್ಸಿಜನ್ ಸ್ವಲ್ಪ ಬಿಟ್ಟುಕೊಟ್ಟು ಬ್ರೌನೈಟ್ ಆಯಿತು. ಮ್ಯಾಂಗನೀಸ್ ಕಾರ್ಬೊನೇಟ್ ರೂಪದಲ್ಲಿದ್ದು ಸಿಲಿಕಾ ಜೊತೆ ಸೇರಿದರೆ ಗುಲಾಬಿ ಬಣ್ಣದ ರೋಡೊನೈಟ್. ನೋಡಲು ಚಂದ, ಕುಲುಮೆಯವರಿಗೆ ಬೇಡ.

ಎರಡನೇ ಪಾಠ ಲ್ಯಾಬಿನಲ್ಲಿ. ಕ್ವಾರ್ಟ್ಜ್ ಒಂದು ಚೂರೂ ಕಾಣದ ಹಾಗೆ ಆರಿಸಿ ಕೊಟ್ಟ ಮಾದರಿಯಲ್ಲೂ ಸಿಲಿಕಾ ಶೇ 10ರ ಹತ್ತಿರ ಬಂತು, ನಾನು ಅವರದೇ ತಪ್ಪು ಅಂತ ಜಗಳಕ್ಕೇ ಹೋಗಿದ್ದೆ. ತಪ್ಪು ನನ್ನದು. ಬ್ರೌನೈಟ್ ಹರಳಿನ ಒಳಗೇ ಅಷ್ಟು ಸಿಲಿಕಾ ಇರುತ್ತದೆ, ತೊಳೆದರೂ ಹೋಗಲ್ಲ, ಆರಿಸಿದರೂ ಹೋಗಲ್ಲ. ಆದರೆ ಶುದ್ಧ ಬ್ರೌನೈಟ್‌ನಲ್ಲಿ ಮ್ಯಾಂಗನೀಸ್ ಶೇ 63ರಷ್ಟಿದೆ, ಸ್ಪೆಸ್ಸಾರ್ಟೀನ್‌ನಲ್ಲಿ 33 ಅಷ್ಟೇ. ಸುಮ್ನೆ ಸಿಲಿಕಾ ಅಂಕಿ ನೋಡಿ ಹೌಹಾರಬೇಕಿಲ್ಲ, ಅದು ಯಾವ ಖನಿಜದ್ದು ಅಂತ ನೋಡಬೇಕು.

ಅದಕ್ಕೇ ಕಲ್ಲಿಗೆ ಪಾಲಿಶ್ ಹಾಕಿ ಮೈಕ್ರೋಸ್ಕೋಪಿನಡಿ ಇಡಲು ಶುರುಮಾಡಿದೆ. ಮೊದಲ ನಾಲ್ಕೈದು ತುಂಡು ಹಾಳು, ಯಾಕಂದ್ರೆ ಗಾರ್ನೆಟ್ ಕಾಳು ಕಿತ್ತುಬಂದು ಇಡೀ ಮೈಗೆ ಗೀರು ಎಳೆಯುತ್ತದೆ. ಪ್ರತಿ ಹಂತದ ಉಜ್ಜುವ ಪುಡಿ ಪೂರ್ತಿ ತೊಳೆದ ಮೇಲೇ ಮುಂದಿನದಕ್ಕೆ ಹೋಗಬೇಕು.

ಈಗ ಗಣಿಗೆ ಹೋದರೆ ಮೊದಲು ಒಡೆಯುತ್ತೇನೆ, ಆಮೇಲೆ ಜೇಬಿನ ಅಯಸ್ಕಾಂತ ತೆಗೆಯುತ್ತೇನೆ. ಕಬ್ಬಿಣವೂ ಸೇರಿದ ಮ್ಯಾಂಗನೀಸ್ ಖನಿಜ ಜಾಕೋಬ್ಸೈಟ್ ಜಾಸ್ತಿ ಇದ್ದರೆ ಟಕ್ ಅಂತ ಹಿಡಿಯುತ್ತದೆ, ಬ್ರೌನೈಟ್ ಹಾಗೆ ಅಂಟಿಕೊಳ್ಳಲ್ಲ.