ಸ್ಕ್ರೈಬಸ್‌ನಲ್ಲಿ ಕನ್ನಡವೂ ಆಗುತ್ತದೆ, ಮಲಯಾಳವೂ ಆಗುತ್ತದೆ

ಪೇಜ್‌ಮೇಕರ್ ಬಿಟ್ಟು ಸ್ಮರಣ ಸಂಚಿಕೆ ಮಾಡಲಿಕ್ಕಾಗದು, ಬೇಕಾದರೆ ಇನ್‌ಡಿಸೈನ್‌ಗೆ ತಿಂಗಳ ದುಡ್ಡು ಕಟ್ಟು, ಲಿನಕ್ಸ್ ಏನಿದ್ದರೂ ಶಾಲೆ ಮಕ್ಕಳಿಗೆ. ನಮ್ಮ ಕಡೆಯ ಡಿಟಿಪಿಯವರು ನಾಲ್ಕು ಜನ ಸೇರಿದರೆ ಹೇಳುವುದು ಇಷ್ಟೇ. ಲಿನಕ್ಸ್‌ನಲ್ಲಿ ಓಡುವ ಸ್ಕ್ರೈಬಸ್ ಎಂಬ ಉಚಿತ ಪುಟ ಕಟ್ಟುವ ತಂತ್ರಾಂಶಕ್ಕೆ ಹೋಗುತ್ತೇನೆಂದಾಗ ನನಗೂ ಹೇಳಿದರು. ಮಂಗಳೂರಿನ ಗೆಳೆಯನೊಬ್ಬ, "ನಿನಗೆ ಮರ್ಲ್ (ಹುಚ್ಚು) ಮಾರಾಯ, ಪ್ರೆಸ್ಸಿನವರು ಆ ಫೈಲನ್ನು ಮುಟ್ಟುವುದೂ ಇಲ್ಲ" ಎಂದ. ಈಗ ನನ್ನ ಅಂಗಡಿಯಿಂದ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವ ಸಂಚಿಕೆ, ಒಂದು ಶಾಲೆಯ ಶತಮಾನೋತ್ಸವ ಸಂಚಿಕೆ, ಅದರ ಮೇಲೆ ಡೆಮಿ 1/8 ಅಳತೆಯ ಒಂದು ಕವನ ಸಂಕಲನ ಸ್ಕ್ರೈಬಸ್‌ನಲ್ಲೇ ಆಗಿ, ಪ್ಲೇಟ್ ಆಗಿ, ಪ್ರಿಂಟಾಗಿ, ಬಿಲ್ಲೂ ಪಾಸಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ. ಫ್ರೇಮ್ ಎಳೆಯುವುದು, ಸ್ಟೈಲ್ ಕಟ್ಟುವುದು ನಿಮಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ನನ್ನ ಅಂಗಡಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿಯ ಕೆಲಸದ ರೀತಿಯೇ ಬೇರೆ. ಮಂಗಳೂರಿನವನಿಗೆ ಕನ್ನಡ, ಇಂಗ್ಲಿಷ್ ಇದ್ದರೆ ಸಾಕು. ಕಾಸರಗೋಡಿನಲ್ಲಿ ಒಂದೇ ಪುಟಕ್ಕೆ ಮೂರು ಲಿಪಿ. ಮೇಲೆ ಮಲಯಾಳದಲ್ಲಿ ಶುಭಾಶಯ, ಕೆಳಗೆ ಕನ್ನಡ ಲೇಖನ, ಪಕ್ಕದಲ್ಲಿ ಜವಳಿ ಅಂಗಡಿಯ ಇಂಗ್ಲಿಷ್ ಜಾಹೀರಾತು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರ ಕೂತಿರುವುದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ. ಮಲಯಾಳದ ಹಳೆಯ ಫಾಂಟುಗಳೂ ಹಾಗೆಯೇ. ಯಾವುದೋ ಒಂದು ಪ್ಯಾರಾಕ್ಕೆ ಫಾಂಟ್ ತಪ್ಪಿತೋ, ಶುಭಾಶಯ ಪೂರ್ತಿ ಕಸ. ಪ್ರೂಫ್ ನೋಡುವ ಮಾಷ್ಟ್ರಿಗೆ ಮಲಯಾಳ ಓದಲಿಕ್ಕೆ ಬಾರದಿದ್ದರೆ ಅದು ಹಾಗೇ ಪ್ರಿಂಟಿಗೆ ಹೋಗುತ್ತದೆ. ಹೋದದ್ದೂ ಉಂಟು.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಪ್ರತಿ ಲಿಪಿಯ ಅಕ್ಷರಕ್ಕೂ ಸ್ವಂತ ಜಾಗ ಕೊಡುವ ಯೂನಿಕೋಡ್ ಅಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ. ನನ್ನದು ಎಕ್ಸ್‌ಪಿ ಮೆಷಿನ್‌ನಲ್ಲಿತ್ತು. ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬಿ, ಬದಲಿಸಿ, ಮತ್ತೆ ಉಬ್ಬಿ, ಕೊನೆಗೆ ರಿಪೇರಿಯವನೇ "ಇದಕ್ಕೆ ಇನ್ನು ದುಡ್ಡು ಹಾಕಬೇಡಿ" ಎಂದ. ಇನ್‌ಡಿಸೈನ್‌ನ ಲೆಕ್ಕ ಹಾಕಿದೆ. ಅದು ಕೆಟ್ಟದು ಅಂತ ಅಲ್ಲ. ಸಿಎಸ್6ರಿಂದಲೇ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕಿದರೆ ಕನ್ನಡ ಯೂನಿಕೋಡ್ ಚೆನ್ನಾಗಿ ಕೂರುತ್ತದೆ. ಆದರೆ ಸಿಎಸ್6 ಆದ ಮೇಲೆ ಒಮ್ಮೆ ಕೊಂಡು ಇಟ್ಟುಕೊಳ್ಳುವ ಲೈಸೆನ್ಸ್ ಇಲ್ಲ, ಎಲ್ಲ ಚಂದಾ. ನಮ್ಮ ಕಡೆ ಸಂಚಿಕೆಯ ಸೀಸನ್ ಅಂದರೆ ಮಕರ ಸಂಕ್ರಾಂತಿಯಿಂದ ಮೇ ಕೊನೆಯ ಪತ್ತನಾಜೆ ತನಕ. ನಾಲ್ಕು ತಿಂಗಳ ಕೆಲಸಕ್ಕೆ ವರ್ಷಪೂರ್ತಿ ಬಾಡಿಗೆ ಯಾಕೆ? ಕಳ್ಳ ಕಾಪಿ ಹಾಕಿಕೋ ಎಂದು ಸಲಹೆ ಕೊಟ್ಟವರು ಬಹಳ ಜನ. ಅವರ ಮೆಷಿನ್‌ಗೆ ವೈರಸ್ ಬಂದಾಗ ಪೆನ್‌ಡ್ರೈವ್ ಹಿಡಿದುಕೊಂಡು ಬಂದದ್ದು ನನ್ನ ಅಂಗಡಿಗೇ.

ಹಾರ್ಡ್‌ವೇರ್ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಕಂಪೆನಿಯವರು ಬಳಸಿ ಬಿಟ್ಟ ಒಂದು ಐ5 ಡೆಸ್ಕ್‌ಟಾಪ್, 15 ಸಾವಿರದ ಆಚೀಚೆ. ರ‍್ಯಾಮ್ 16 ಜಿಬಿಗೆ ಏರಿಸಿದೆ, ಎಸ್‌ಎಸ್‌ಡಿ ಹಾಕಿದೆ. ಸೆಕೆಂಡ್ ಹ್ಯಾಂಡ್ ಐಪಿಎಸ್ ಮಾನಿಟರ್ ಸೇರಿ 25 ಸಾವಿರ ದಾಟಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಎಂದು ವಾದ ಮಾಡುವವರಿದ್ದಾರೆ. ಪುಟ ಕಟ್ಟುವ ಕೆಲಸಕ್ಕೆ ಬೇಡ ಮಾರಾಯ್ರೆ. ಆ ದುಡ್ಡನ್ನು ಯುಪಿಎಸ್ ಬ್ಯಾಟರಿಗೆ ಹಾಕಿ, ಮಳೆಗಾಲದಲ್ಲಿ ನೆನಪಾಗುತ್ತದೆ. ನಡುವೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲೂ ಸುಮ್ನೆ ಸ್ಕ್ರೈಬಸ್ ಓಡಿಸಿ ನೋಡಿದೆ. ಅಕ್ಷರ ಮಾತ್ರ ಇರುವ ಪುಟ ನಡೆಯುತ್ತದೆ, 300 ಡಿಪಿಐ ಫೋಟೋ ನಾಲ್ಕು ಇಟ್ಟರೆ ಕಾಫಿ ಕುಡಿದು ಬರಬಹುದು. ಈಗ ಅದು ಬ್ಯಾಕಪ್ ಪೆಟ್ಟಿಗೆ.

ಧೈರ್ಯ ಬಂದದ್ದು ಮಲಯಾಳದವರಿಂದ. ಕೇರಳದ ಜನಯುಗಂ ದಿನಪತ್ರಿಕೆ 2019ರಲ್ಲಿ ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ಹೋಯಿತು, ಪುಟ ಕಟ್ಟುವುದು ಸ್ಕ್ರೈಬಸ್‌ನಲ್ಲಿ. ದಿನಾ ಪೇಪರ್ ತರುವವರಿಗೇ ಆಗುತ್ತದಾದರೆ ವರ್ಷಕ್ಕೆ ನಾಲ್ಕು ಸಂಚಿಕೆ ಮಾಡುವ ನನಗೆ ಎಂತ? ಸ್ಕ್ರೈಬಸ್ 1.4ರಲ್ಲಿ ನಾನು ಮೊದಲೊಮ್ಮೆ ನೋಡಿ ಕೈಬಿಟ್ಟಿದ್ದೆ, ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. 2017ರಲ್ಲಿ 1.5.3 ಬಂದಾಗ ಅಕ್ಷರ, ಒತ್ತು ಜೋಡಿಸುವ ಹಾರ್ಫ್‌ಬಝ್ ಸೇರಿಸಿದರು, ಒತ್ತು ಸರಿಯಾಯಿತು. 2024ರ ಜನವರಿಯಲ್ಲಿ 1.6 ಬಂತು. "ಸ್ಕ್ರೈಬಸ್‌ನಲ್ಲಿ ಕನ್ನಡ ಬರುವುದಿಲ್ಲ" ಎಂದು ಈಗಲೂ ಹೇಳುವವರು 1.4 ನೋಡಿ ಹೇಳುತ್ತಿರುವುದು.

ಆದರೆ ಸಾಫ್ಟ್‌ವೇರ್ ನಿಜವಾದ ಕಷ್ಟ ಅಲ್ಲ. ಒಳಗೆ ಬರುವ ಮ್ಯಾಟರ್ ಮತ್ತು ಹೊರಗೆ ಹೋಗುವ ಪಿಡಿಎಫ್, ಕಷ್ಟ ಇರುವುದು ಈ ಎರಡರಲ್ಲಿ.

ಮೊದಲು ಮ್ಯಾಟರ್. ಲೇಖಕರು ಕಳಿಸುವುದು ನುಡಿ, ಬರಹ, ಯೂನಿಕೋಡ್, ವಾಟ್ಸಾಪ್, ಕೈಬರಹ, ಐದೂ ಥರ. ನುಡಿಯಿಂದ ಯೂನಿಕೋಡ್‌ಗೆ ಕನ್ವರ್ಟರುಗಳು ಬೇಕಾದಷ್ಟು ಉಂಟು. ಎಲ್ಲವೂ ತೊಂಬತ್ತೈದು ಪಾಲು ಸರಿ ಮಾಡುತ್ತವೆ, ಉಳಿದ ಐದರಲ್ಲಿ ನಮ್ಮ ಪ್ರಾಣ ಹೋಗುತ್ತದೆ. ‘ಸೂರ್ಯ’ ಎಂಬ ಪದ ನೋಡಿ. ಹಳೆಯ ಫಾಂಟಿನಲ್ಲಿ ಸೂ, ಯ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಸೂ, ರ, ಹಲಂತ, ಯ. ಕನ್ವರ್ಟರ್ ಅದನ್ನು ಹಿಂದೆ ಮುಂದೆ ಮಾಡಬೇಕು. ಸಾದಾ ಪದದಲ್ಲಿ ಮಾಡುತ್ತದೆ. ಟೈಪ್ ಮಾಡಿದವರು ನಡುವೆ ಒಂದು ಸ್ಪೇಸ್ ಹೊಡೆದಿದ್ದರೆ, ಒತ್ತನ್ನು ತಿದ್ದುವಾಗ ಸಾಲಿನ ಕ್ರಮ ತಪ್ಪಿಸಿದ್ದರೆ, ಅರ್ಕಾವತ್ತು ಪಕ್ಕದ ಪದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಹಳೆಯ ಪ್ರಿಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ದೊಡ್ಡ ಕಾಟ ಇಂಗ್ಲಿಷ್ ಪದಗಳು. ಕನ್ವರ್ಟರಿಗೆ ಫಾಂಟ್ ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. ನಡುವೆ ಇದ್ದ ಬ್ಯಾಂಕಿನ ಇಂಗ್ಲಿಷ್ ಹೆಸರನ್ನೂ ಕನ್ನಡ ಮಾಡಿ ಕೂರಿಸುತ್ತದೆ, ಓದಿದರೆ ಮಂತ್ರ ಹೇಳಿದ ಹಾಗಿರುತ್ತದೆ. ನಾನು ಮಾಡುವುದು ಹೀಗೆ: ಫೈಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು, ಫೈಂಡ್‌ನಲ್ಲಿ ಫಾಂಟ್ ಹೆಸರು ಕೊಟ್ಟು ಹುಡುಕಿ, ನುಡಿ ಅಲ್ಲದ ಪ್ರತಿ ತುಂಡಿನ ಎರಡು ತುದಿಗೂ ಒಂದು ಗುರುತು ಹಾಕುತ್ತೇನೆ. ಗುರುತಿನ ಒಳಗಿನದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕನ್ವರ್ಟ್ ಮಾಡುವ ಒಂದು ಪೈಥಾನ್ ಸ್ಕ್ರಿಪ್ಟ್ ಉಂಟು. ಯಾವ ಚಿಹ್ನೆಯನ್ನು ಗುರುತಾಗಿ ಬಳಸಿದರೆ ಹಳೆಯ ಫಾಂಟಿನ ಜೊತೆ ಗಲಾಟೆ ಆಗುವುದಿಲ್ಲ ಎಂದು ಕಂಡುಹಿಡಿಯಲಿಕ್ಕೆ ಒಂದು ಸೀಸನ್ನೇ ಹೋಯಿತು. ಅದು ನನ್ನ ಹತ್ತಿರವೇ ಇರಲಿ.

ವಾಟ್ಸಾಪ್‌ನ ಯೂನಿಕೋಡ್ ಸುಲಭ ಅಂತ ತಿಳಿಯಬೇಡಿ. ‘ಬ್ಯಾಂಕ್‌ನಲ್ಲಿ’ ಎಂದು ಬರಬೇಕಾದ್ದು ‘ಬ್ಯಾಂಕ್ನಲ್ಲಿ’ ಎಂದು ಬರುತ್ತದೆ, ನಡುವಿನ ಕಾಣದ ಅಕ್ಷರ ಫೋನಿನಲ್ಲಿ ಹಾಕಿರುವುದಿಲ್ಲ. ಓತ್ವ ಕೆಲವರಲ್ಲಿ ಒಂದೇ ಅಕ್ಷರ, ಕೆಲವರಲ್ಲಿ ತುಂಡು ತುಂಡು. ಕಣ್ಣಿಗೆ ಒಂದೇ, ಹುಡುಕಿದರೆ ಸಿಗುವುದಿಲ್ಲ. ಮಲಯಾಳದಲ್ಲಿ ಚಿಲ್ಲು ಅಕ್ಷರಕ್ಕೂ (ಸ್ವರವಿಲ್ಲದ ವ್ಯಂಜನ) ಇದೇ ಕಥೆ. 2008ರಲ್ಲಿ ಯೂನಿಕೋಡ್ 5.1 ಬಂದ ಮೇಲೆ ಚಿಲ್ಲಿಗೆ ಸ್ವಂತ ಜಾಗ ಸಿಕ್ಕಿತು, ಹಳೆಯ ರೀತಿ ಟೈಪ್ ಮಾಡಿದ ಮ್ಯಾಟರ್ ಇನ್ನೂ ಬರುತ್ತದೆ. ದಾನಿಗಳ ಪಟ್ಟಿಯಲ್ಲಿ ಒಬ್ಬರದೇ ಹೆಸರು ಎರಡು ಕಡೆ ಬಂದದ್ದು ಇದರಿಂದ. ಅವರಿಗೆ ಸಂತೋಷವಾಯಿತು, ಸಮಿತಿಯ ಕಾರ್ಯದರ್ಶಿಗೆ ಆಗಲಿಲ್ಲ. ಈಗ ಏನು ಬಂದರೂ ಮೊದಲು ಒಂದೇ ಅಚ್ಚಿಗೆ ತರುವ ಸ್ಕ್ರಿಪ್ಟ್ ಓಡಿಸಿಯೇ ಮುಂದಿನ ಮಾತು.

ಟೈಪಿಂಗ್‌ಗೆ ಏನೂ ತೊಂದರೆ ಇಲ್ಲ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ವಿನ್ಯಾಸ ಉಂಟು, ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಗಳೇ. ನುಡಿಯಲ್ಲಿ ಪಳಗಿದ ಬೆರಳಿಗೆ ಒಂದು ವಾರ ಸಾಕು. ನಮ್ಮಲ್ಲಿ ಕೆಲಸಕ್ಕೆ ಬಂದ ಹುಡುಗಿಗಂತೂ ಅದೂ ಬೇಡವಾಯಿತು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಅಂದರೆ ಲಿನಕ್ಸ್, ಹೈಸ್ಕೂಲಿನಲ್ಲೇ ಫೋಟೋ ತಿದ್ದುವ ಜಿಂಪ್, ಚಿತ್ರ ಬರೆಯುವ ಇಂಕ್‌ಸ್ಕೇಪ್ ಕಲಿಸುತ್ತಾರೆ. ನನಗಿಂತ ಚೆನ್ನಾಗಿ ಅವಳೇ ಇಂಕ್‌ಸ್ಕೇಪ್ ಓಡಿಸುತ್ತಾಳೆ. "ಶಾಲೆ ಮಕ್ಕಳಿಗೆ" ಎಂದು ನಕ್ಕವರಿಗೆ ಇದು ಹೊಳೆದಿರಲಿಲ್ಲ.

ಫಾಂಟ್ ಆರಿಸುವಾಗ ನನ್ನದೊಂದು ಪರೀಕ್ಷೆ ಉಂಟು, ನಮ್ಮ ಕಾಸರಗೋಡಿನ ಕವಿಯ ಹೆಸರು: ‘ಕಯ್ಯಾರ ಕಿಞ್ಞಣ್ಣ ರೈ’ ಎಂದು ಟೈಪ್ ಮಾಡುವುದು. ಞ ಕೆಳಗೆ ಞ ಒತ್ತು ಸರಿಯಾಗಿ ಕೂತು, ಕೆಳಗಿನ ಸಾಲಿಗೆ ತಾಗದಿದ್ದರೆ ಆ ಫಾಂಟ್ ನಮ್ಮೂರಿನಲ್ಲಿ ನಡೆಯುತ್ತದೆ. ಗೋವಿಂದ ಪೈಗಳ ಬಗ್ಗೆ ಲೇಖನ ಬಂದರೆ ಹಳಗನ್ನಡದ ಸಾಲು ಬಂದೇ ಬರುತ್ತದೆ, ಆಗ ಱ, ೞ ಎರಡೂ ಬೇಕು. ನೋಟೋ ಸೆರಿಫ್ ಕನ್ನಡ ಇದೆಲ್ಲದರಲ್ಲಿ ಪಾಸು. ಆದರೆ ಅದಕ್ಕೆ ಸಾಲಿನ ಅಂತರ ಆಟೊಮ್ಯಾಟಿಕ್ ಬಿಟ್ಟರೆ ಪುಟ ತೆರೆದುಕೊಂಡು ಬಿಡುತ್ತದೆ. ಫಿಕ್ಸೆಡ್ ಇಡಿ. 11 ಪಾಯಿಂಟ್ ಅಕ್ಷರಕ್ಕೆ 16ರ ಆಚೀಚೆ ನನಗೆ ಸರಿ ಬಂತು. ಮಲಯಾಳಕ್ಕೆ ರಚನ ಫಾಂಟ್. ಪಕ್ಕಪಕ್ಕ ಇಟ್ಟಾಗ ಎರಡೂ ಒಂದೇ ಎತ್ತರ ಕಾಣಬೇಕಾದರೆ ಪಾಯಿಂಟ್ ಬೇರೆ ಬೇರೆ ಕೊಡಬೇಕು, ಕಣ್ಣಳತೆಯಲ್ಲಿ ನೋಡಿಕೊಳ್ಳಿ.

ಎರಡು ಕಾಲಮಿನಲ್ಲಿ ಜಸ್ಟಿಫೈ ಮಾಡಿದರೆ ಕನ್ನಡದ ಉದ್ದ ಪದಗಳಿಂದ ಸಾಲಿನ ನಡುವೆ ಹೊಂಡ ಬೀಳುತ್ತದೆ. ಪೇಜ್‌ಮೇಕರ್‌ನಲ್ಲಿ ಕೈಯಿಂದ ಒಡೆಯುತ್ತಿದ್ದೆವು. ನಾನು ಈಗ ಉದ್ದ ಪದಗಳಿಗೆ ಅಕ್ಷರ ಅಕ್ಷರದ ನಡುವೆ ಸಾಫ್ಟ್ ಹೈಫನ್ (ಸಾಲು ಒಡೆದಲ್ಲಿ ಮಾತ್ರ ಕಾಣುವ ಗೆರೆ) ತುಂಬಿಸಿಯೇ ಸ್ಕ್ರೈಬಸ್‌ಗೆ ತರುತ್ತೇನೆ. ಎಷ್ಟು ಅಕ್ಷರಕ್ಕಿಂತ ಉದ್ದ, ತುದಿಯಿಂದ ಎಷ್ಟು ಬಿಡಬೇಕು, ಅದನ್ನು ನೀವೇ ಮಾಡಿ ನೋಡಿ. ಜೊತೆಗೆ ಪ್ಯಾರಾ ಸ್ಟೈಲಿನಲ್ಲಿ ಗ್ಲಿಫ್ ಎಕ್ಸ್‌ಟೆನ್ಶನ್ (ಅಕ್ಷರದ ಅಗಲ) ಸ್ವಲ್ಪವೇ ಸ್ವಲ್ಪ ಸಡಿಲ ಮಾಡಿದರೆ ಹೊಂಡ ಮಾಯ. ಜಾಸ್ತಿ ಮಾಡಿದರೆ ಅಕ್ಷರ ದಪ್ಪಗಾಗಿ ಕಾಣುತ್ತದೆ.

ನೂರು ಪುಟದ ಫೈಲ್ ಒಂದೇ ಇಟ್ಟರೆ ಸ್ಕ್ರೈಬಸ್ ತೆವಳುತ್ತದೆ. ಮೊದಲ ಸಂಚಿಕೆಯಲ್ಲಿ ರಾತ್ರಿ ಹನ್ನೊಂದಕ್ಕೆ ಮುಚ್ಚಿಕೊಂಡು ಹೋದದ್ದೂ ಉಂಟು. ಒಟ್ಟಿಗೆ ಅಚ್ಚಾಗುವ 16 ಪುಟದ ಒಂದು ಫಾರಂಗೆ ಒಂದು ಫೈಲ್, ಲೇಖನ ಮುಗಿದಲ್ಲಿ ಫ್ರೇಮಿನ ಕೊಂಡಿ ಕತ್ತರಿಸುವುದು, ಐದು ನಿಮಿಷದ ಆಟೊಸೇವ್. ಆಮೇಲೆ ತೊಂದರೆ ಆಗಲಿಲ್ಲ. ದಾನಿಗಳ ಪಟ್ಟಿ ಎಕ್ಸೆಲ್‌ನಿಂದ ಸಿಎಸ್‌ವಿ ಮಾಡಿ ಸ್ಕ್ರೈಬಸ್‌ನ ಪೈಥಾನ್ ಸ್ಕ್ರಿಪ್ಟರಿಂದ ಸುರಿಯುತ್ತೇನೆ. ಸಮಿತಿಯವರು ಕೊನೇ ದಿನ ಯಾರ ಹೆಸರು ಮೇಲೆ ಎಂದು ಜಗಳ ಮಾಡಿದರೂ ಪಟ್ಟಿ ಹೊಸದಾಗಿ ಬರಲಿಕ್ಕೆ ಎರಡು ನಿಮಿಷ. ಇದೊಂದಕ್ಕೇ ನನ್ನ ದುಡ್ಡು ವಸೂಲಿ.

ಇನ್ನು ಪ್ರೆಸ್. "ಕೋರೆಲ್ ಫೈಲ್ ಇದ್ರೆ ಕೊಡಿ ಮಾರಾಯ್ರೆ, ಇದೆಂತ ಪಿಡಿಎಫ್" ಎಂದೇ ಶುರು. ಸ್ಕ್ರೈಬಸ್‌ಗೆ ಬರುವ ಮೊದಲು ಲಿಬ್ರೆಆಫೀಸ್‌ನಿಂದಲೇ ಒಂದು ಕಿರುಪುಸ್ತಕದ ಪಿಡಿಎಫ್ ಕೊಟ್ಟಿದ್ದೆ. ಅದು ಕೊಡುವುದು ಆರ್‌ಜಿಬಿ, ಅಂದರೆ ಪರದೆಯ ಬಣ್ಣ. ಕಲರ್ ಫಾರಂನಲ್ಲಿ ಕಪ್ಪು ಅಕ್ಷರ ನಾಲ್ಕೂ ಪ್ಲೇಟಿಗೆ ಹಂಚಿಹೋಯಿತು. ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೆ ‘ಕ್ಷ’ದ ಹೊಟ್ಟೆಯ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ. ರಿಜಿಸ್ಟರ್ (ಪ್ಲೇಟುಗಳ ಹೊಂದಿಕೆ) ಕೂದಲೆಳೆ ತಪ್ಪಿದರೂ ಸಾಕು, ಓದುವವರಿಗೆ ತಲೆ ಸುತ್ತುತ್ತದೆ. ನಾಲ್ಕು ಪ್ಲೇಟಿನ ದುಡ್ಡು, ಹಾಳಾದ ಕಾಗದ ಎಲ್ಲ ಸೇರಿ ನನ್ನ ತಲೆಗೆ ಆರೇಳು ಸಾವಿರ ಬಂತು. ಸ್ಕ್ರೈಬಸ್‌ನಲ್ಲಿ ಅಕ್ಷರಕ್ಕೆ ಬರೇ ಕಪ್ಪು 100 ಎಂದು ಸ್ವಾಚ್ ಮಾಡಿ, ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ) ಬಿಟ್ಟು ಬೇರೆ ಬಣ್ಣ ಇಟ್ಟುಕೊಳ್ಳದೆ, ಪ್ರಿಂಟ್ ಪ್ರಿವ್ಯೂನಲ್ಲಿ ಒಂದೊಂದೇ ಪ್ಲೇಟ್ ಆಫ್ ಮಾಡಿ ನೋಡಿ. ಕಪ್ಪು ತೆಗೆದಾಗ ಅಕ್ಷರ ಒಂದೂ ಉಳಿಯಬಾರದು.

ಆಮೇಲೆ ರಕ್ಷಾಪುಟದ ಫೋಟೋಗೆ ಹಾಕಿದ ನೆರಳು ಬಿಳಿ ಚೌಕವಾಗಿ ಬಂತು, ಪಿಡಿಎಫನ್ನು ಪ್ಲೇಟಿಗೆ ತಯಾರು ಮಾಡುವ ಆ ಪ್ರೆಸ್ಸಿನ ಹಳೆಯ ರಿಪ್‌ಗೆ ಟ್ರಾನ್ಸ್‌ಪರೆನ್ಸಿ (ಪಾರದರ್ಶಕತೆ) ಗೊತ್ತಿಲ್ಲ. ನೆರಳು, ಗ್ಲೋ ಎಲ್ಲ ಜಿಂಪ್‌ನಲ್ಲೇ ಚಿತ್ರಕ್ಕೆ ಇಳಿಸಿ, ಅಚ್ಚಿಗೆಂದೇ ಇರುವ ಪಿಡಿಎಫ್/ಎಕ್ಸ್-3 ಕೊಟ್ಟೆ. ಅದಾದ ಮೇಲೆ ಅವರು ಫೈಲಿನ ಬಗ್ಗೆ ಫೋನ್ ಮಾಡಲಿಲ್ಲ. ಈಗ ಬೇರೆ ಗಿರಾಕಿಗಳಿಗೂ "ಬದಿಯಡ್ಕದವರ ಹಾಗೆ ಪಿಡಿಎಫ್ ಕೊಡಿ" ಎನ್ನುತ್ತಾರಂತೆ. ಕೇಳಿದ ಮಾತು, ಆದರೂ ಬರೆದಿಡುತ್ತೇನೆ.

ಶತಮಾನೋತ್ಸವದ ಸಂಚಿಕೆಗೆ ಮೊಳೆ ಅಚ್ಚಿನ ಹಳೆಯ ಸಂಚಿಕೆಯಿಂದ ಲೇಖನಗಳು ಬೇಕಿದ್ದವು. ಟೆಸರ‍್ಯಾಕ್ಟ್‌ನಲ್ಲಿ ಓಸಿಆರ್ (ಪುಟದ ಚಿತ್ರದಿಂದ ಅಕ್ಷರ ಗುರುತಿಸುವುದು) ಮಾಡಿಸಿದೆ. ಶುಭ್ರ ಪುಟ ಪರವಾಗಿಲ್ಲ. ಕಾಗದ ಹಳದಿಯಾಗಿ, ಶಾಯಿ ಹಿಂದಿನಿಂದ ಮೂಡಿದ ಪುಟದಲ್ಲಿ ಧ, ಥ ಅದಲು ಬದಲು, ಒತ್ತು ನಾಪತ್ತೆ. ತಿದ್ದುವ ಹೊತ್ತಿಗೆ ಹೊಸದಾಗಿ ಟೈಪ್ ಮಾಡಿಸುವುದೇ ಅಗ್ಗ, ಪುಟಕ್ಕೆ 30 ರೂಪಾಯಿ ಕೊಟ್ಟರೂ. ಕವನ ಸಂಕಲನವನ್ನು ಕೋಡ್ ಬರೆದು ಪುಟ ಕಟ್ಟುವ ಝೀಲಾಟೆಕ್‌ನಲ್ಲೂ ಮಾಡಿ ನೋಡಿದ್ದೆ. ಚೆಂದ ಬಂತು, ಆದರೆ ಕವಿಗಳು ಪಕ್ಕದಲ್ಲಿ ಕೂತು "ಈ ಸಾಲು ಸ್ವಲ್ಪ ಆಚೆ" ಎನ್ನುವಾಗ ಕೋಡ್ ತಿದ್ದಿಕೊಂಡು ಕೂರುವುದು ಯಾರಿಗೆ ಬೇಕು?

ಮದುವೆ ಕಾಗದ ಮಾತ್ರ ಇನ್ನೂ ಕೋರೆಲ್‌ನಲ್ಲೇ. ಕಾರ್ಡಿನ ವ್ಯಾಪಾರಿಗಳು ಡಿಸೈನ್ ಕೊಡುವುದೇ ಆ ಫೈಲಿನಲ್ಲಿ, ಇಂಕ್‌ಸ್ಕೇಪ್ ಕೆಲವನ್ನು ತೆರೆಯುತ್ತದೆ, ಕೆಲವನ್ನು ಇಲ್ಲ. ಹಾಗಾಗಿ ಒಂದು ವಿಂಡೋಸ್ ಮೆಷಿನ್ ಮೂಲೆಯಲ್ಲಿ ಉಂಟು. ಹುಡುಗಿ ಆ ಡಿಸೈನುಗಳನ್ನು ಬಿಡುವಿನಲ್ಲಿ ಒಂದೊಂದೇ ಇಂಕ್‌ಸ್ಕೇಪ್‌ನಲ್ಲಿ ಹೊಸದಾಗಿ ಬರೆಯುತ್ತಿದ್ದಾಳೆ. ಗಣಪತಿ ಆಯಿತು, ನವಿಲು ಬಾಕಿ.