ಗೋರ್ಖಾ ಭೂಕಂಪವನ್ನು ಲ್ಯಾಪ್‌ಟಾಪಿನಲ್ಲಿ ಅಳೆದದ್ದು

2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾ ಭೂಕಂಪದಲ್ಲಿ (ಪರಿಮಾಣ 7.8) ನೆಲ ಎಷ್ಟು ಸರಿಯಿತು, ಅದಕ್ಕೂ ಮುಂಚಿನ ವರ್ಷಗಳಲ್ಲಿ ಹೇಗೆ ಬಾಗುತ್ತಿತ್ತು? ಎರಡನ್ನೂ ಒಂದೇ ಸ್ತರಭಂಗದ (ನೆಲದಾಳದಲ್ಲಿ ಬಂಡೆಗಳು ಜಾರುವ ಬಿರುಕಿನ) ಲೆಕ್ಕದಿಂದ ಹೊರಡಿಸಿ ನೋಡಬೇಕೆನ್ನುವುದು ನನ್ನ ಹಟವಾಗಿತ್ತು. ದತ್ತಾಂಶ, ತಂತ್ರಾಂಶ ಎಲ್ಲ ಉಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು, ರಾತ್ರಿಯಿಡೀ ಅದರ ಫ್ಯಾನ್ ಬೊಬ್ಬೆ ಹೊಡೆಯುತ್ತದೆ, ಅಷ್ಟೆ.

ಭೂಕಂಪದ ಭಾಗವೇ ಸುಲಭದ್ದು. ಸೆಂಟಿನೆಲ್-1ಎ ಉಪಗ್ರಹ ಏಪ್ರಿಲ್ 17 ಮತ್ತು 29ರಂದು ಒಂದೇ ಹಾದಿಯಿಂದ ತೆಗೆದ ಎರಡು ರಾಡಾರ್ ಚಿತ್ರ ಇಳಿಸಿಕೊಂಡೆ. ರಾಡಾರ್ ಚಿತ್ರಗಳನ್ನು ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶದಲ್ಲಿ ನಿಖರ ಕಕ್ಷೆಯ ಫೈಲ್ ಸೇರಿಸಿ, ಎರಡನ್ನೂ ಒಂದರ ಮೇಲೊಂದು ಕೂರಿಸಿ, ಬೆಟ್ಟಗಳ ಎತ್ತರದಿಂದ ಬರುವ ಫೇಸನ್ನು (ಅಲೆಯ ಹಂತದ ವ್ಯತ್ಯಾಸವನ್ನು) ಕಳೆದರೆ ಇಂಟರ್‌ಫೆರೋಗ್ರಾಮ್, ಅಂದರೆ ಎರಡು ಚಿತ್ರಗಳ ನಡುವೆ ನೆಲ ಸರಿದದ್ದನ್ನು ತೋರಿಸುವ ಚಿತ್ರ ಸಿಗುತ್ತದೆ. ಕಠ್ಮಂಡುವಿನ ಸುತ್ತ ಬಣ್ಣಬಣ್ಣದ ಉಂಗುರಗಳು. ಈ ರಾಡಾರಿನ ತರಂಗಾಂತರ 5.6 ಸೆಂ.ಮೀ. ಕಿರಣ ಹೋಗಿ ಬರಬೇಕಾದ್ದರಿಂದ ಒಂದೊಂದು ಉಂಗುರವೂ ಉಪಗ್ರಹದ ದಿಕ್ಕಿನಲ್ಲಿ 2.8 ಸೆಂ.ಮೀ. ಚಲನೆ.

ಉಂಗುರಗಳನ್ನು ಬಿಡಿಸಿ ಮೀಟರಿಗೆ ತರುವ ಕೆಲಸ ಸ್ನಾಫು ಎಂಬ ಪ್ರೋಗ್ರಾಮಿನದ್ದು. ಹಿಮ ಬಿದ್ದ ಉತ್ತರದ ಶಿಖರಗಳಲ್ಲಿ ಎರಡು ಚಿತ್ರಗಳಿಗೆ ಹೊಂದಾಣಿಕೆಯೇ ಇರುವುದಿಲ್ಲ, ಅಲ್ಲಿ ಅದು ಒಂದೆರಡು ಉಂಗುರ ನುಂಗಿದರೂ ಗೊತ್ತಾಗದು. ಅದಕ್ಕೇ ಏನೂ ಸರಿಯದ ದಕ್ಷಿಣದ ತರಾಯಿ ಬಯಲನ್ನು ಸೊನ್ನೆ ಎಂದಿಟ್ಟು, ಅಲ್ಲಿಂದ ಉತ್ತರಕ್ಕೆ ಉಂಗುರಗಳನ್ನು ಪರದೆಯ ಮೇಲೆ ಕೈಯಿಂದಲೇ ಎಣಿಸುತ್ತೇನೆ. ಮೂವತ್ತಕ್ಕೂ ಹೆಚ್ಚು ಸಿಗುತ್ತವೆ. ಕಠ್ಮಂಡುವಿನ ಉತ್ತರಕ್ಕಿರುವ ಕೆಕೆಎನ್4 ಜಿಪಿಎಸ್ ಕೇಂದ್ರ ತಾಳೆ ನೋಡಲು ಒದಗಿತು: ಅದು ಒಂದೂವರೆ ಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಸರಿದು, ಒಂದು ಮೀಟರಿಗೂ ಹೆಚ್ಚು ಮೇಲೆದ್ದಿತ್ತು. ಉಪಗ್ರಹ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿಯೇ ಸಾಗಿ ಪಕ್ಕಕ್ಕೆ ನೋಡುವುದರಿಂದ, ದಕ್ಷಿಣಕ್ಕೆ ಸರಿದದ್ದರಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ಚಿತ್ರದಲ್ಲಿ ಕಾಣುವುದು ಬಹುಪಾಲು ಏರಿಳಿತವೇ. ನನಗೆ ಬೇಕಿದ್ದದ್ದೂ ಅದೇ.

ಏಕೆಂದರೆ ಕಥೆಯ ಗುಟ್ಟಿರುವುದು ಏರಿಳಿತದಲ್ಲಿ. ಕಠ್ಮಂಡು ಎದ್ದಿತು, ಅದರ ಉತ್ತರದ ಎತ್ತರದ ಹಿಮಾಲಯ ಅರ್ಧ ಮೀಟರಿನಷ್ಟು ಕುಸಿಯಿತು. ಆದರೆ ಭೂಕಂಪಗಳ ನಡುವಿನ ಕಾಲದಲ್ಲಿ ಅದೇ ಉತ್ತರದ ಸಾಲು ವರ್ಷಕ್ಕೆ ಕೆಲವು ಮಿಲಿಮೀಟರ್ ಏರುತ್ತಿರುತ್ತದೆ!

ಈ ನಿಧಾನದ ಭಾಗವೇ ನನ್ನನ್ನು ಸತಾಯಿಸಿದ್ದು. ಇಡೀ ಭಾರತದ ಫಲಕ (ಭಾರತವನ್ನು ಹೊತ್ತ ಭೂಚಿಪ್ಪಿನ ತುಂಡು) ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಹೋಗುತ್ತಿರುವಾಗ ಕಠ್ಮಂಡುವಿನ ವೇಗವನ್ನಷ್ಟೇ ನೋಡಿ ಪ್ರಯೋಜನವಿಲ್ಲ. ಫಲಕದ ಗಟ್ಟಿ ಭಾಗದಲ್ಲಿರುವ ಒಂದು ಕೇಂದ್ರದ ವೇಗ ಕಳೆಯಬೇಕು. ಅದಕ್ಕೆ ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದ ಕೇಂದ್ರವನ್ನೇ ಹಿಡಿದೆ. ತೊಂಬತ್ತರ ದಶಕದಿಂದ ಹಿಮಾಲಯ ಅಳೆಯುವವರು ಆಧಾರಕ್ಕೆ ಹಿಡಿಯುತ್ತ ಬಂದದ್ದೂ ಅದನ್ನೇ. ಇನ್ನೊಂದು ತೊಡಕು ಮಳೆಗಾಲ. ಗಂಗಾ ಬಯಲಿನಲ್ಲಿ ತುಂಬುವ ನೀರಿನ ಭಾರಕ್ಕೆ ನೇಪಾಳದ ಕೇಂದ್ರಗಳು ತಗ್ಗಿ ಚಳಿಗಾಲಕ್ಕೆ ಮತ್ತೆ ಏಳುತ್ತವೆ. ಹಾಗಾಗಿ ಒಂದು ನೇರ ಗೆರೆ, ಒಂದು ವಾರ್ಷಿಕ ಅಲೆ, ಏಪ್ರಿಲ್ 25ಕ್ಕೆ ಒಂದು ಮೆಟ್ಟಿಲು (ಒಮ್ಮೆಲೇ ಆದ ಜಿಗಿತ), ಈ ಮೂರನ್ನೂ ಕೇಂದ್ರಗಳ ಅಳತೆಗೆ ಒಟ್ಟಿಗೇ ಹೊಂದಿಸಿದೆ.

ಇನ್ನು ಲೆಕ್ಕದ ಮಾದರಿ: ಉತ್ತರಕ್ಕೆ ಸ್ವಲ್ಪವೇ ಓರೆಯಾಗಿ ಇಳಿಯುವ ಸ್ತರಭಂಗ, ಅದು ಜಾರಿದರೆ ಮೇಲಿನ ನೆಲ ಎಷ್ಟು ಸರಿಯುತ್ತದೆ ಎಂದು ಹೇಳುವ, ಒಕಾಡಾ 1985ರಲ್ಲಿ ಕೊಟ್ಟ ಸೂತ್ರಗಳು. ಮೊದಲು ಆಳದ ಭಾಗವನ್ನು ಮಾತ್ರ ವರ್ಷಕ್ಕೆ 2 ಸೆಂ.ಮೀ. ಜಾರಿಸಿದೆ, ಮೇಲಿನದ್ದು ಕಚ್ಚಿಕೊಂಡೇ ಇರಲಿ ಎಂದು. ಕಚ್ಚಿದ ಭಾಗ ಮುಗಿಯುವ ಅಂಚಿನ ಮೇಲಿನ ನೆಲ, ಅಂದರೆ ಎತ್ತರದ ಹಿಮಾಲಯ, ಒತ್ತಿ ಉಬ್ಬುತ್ತದೆ. ಆಮೇಲೆ ಅದೇ ಕೋಡಿನಲ್ಲಿ ಕಚ್ಚಿದ್ದ ಭಾಗವನ್ನು ಒಮ್ಮೆಲೇ ಜಾರಿಸಿದೆ. ಮೇಲಿನ ಬಂಡೆ ದಕ್ಷಿಣಕ್ಕೆ ಚಿಮ್ಮಿತು, ಮುಂಭಾಗ ಎದ್ದಿತು, ಉಬ್ಬಿದ್ದ ಹಿಂಭಾಗ ಹಿಗ್ಗಿ ತಗ್ಗಿತು.

ಈ ಜಾಗದ ಸಮೀಪ ಅದರ ಹಿಂದಿನ ದೊಡ್ಡ ಭೂಕಂಪ 1833ರದ್ದು. 182 ವರ್ಷಕ್ಕೆ 2 ಸೆಂ.ಮೀ.ನಂತೆ 3.6 ಮೀಟರ್ ಜಾರಿಕೆ ಬಾಕಿ. 2015ರ ಜಾರಿಕೆ ಕೆಲವೆಡೆ ಅದಕ್ಕಿಂತ ಹೆಚ್ಚು, ಹಲವೆಡೆ ಕಡಿಮೆ. ಒಟ್ಟಾರೆ ಲೆಕ್ಕ ಹತ್ತಿರವೇ ಬರುತ್ತದೆ. ಹಾಗೆಂದು ಇದನ್ನು ಬ್ಯಾಂಕಿನ ಪಾಸ್‌ಬುಕ್ ಎಂದುಕೊಂಡು ಮುಂದಿನ ಭೂಕಂಪದ ತಾರೀಖು ಹೇಳಲು ಹೊರಡುವವರ ಮಾತು ನಾನು ನಂಬುವುದಿಲ್ಲ.

ಉಂಗುರಗಳು ಕಠ್ಮಂಡುವಿನ ದಕ್ಷಿಣಕ್ಕೆ, ಹಿಮಾಲಯದ ಬುಡದ ಚುರಿಯಾ ಗುಡ್ಡಗಳನ್ನು ಮುಟ್ಟುವ ಮೊದಲೇ ಮಾಯವಾಗುತ್ತವೆ. ಮಾದರಿಯಲ್ಲಿ ಅಲ್ಲಿನ ಸ್ತರಭಂಗವನ್ನೂ ಜಾರಲು ಬಿಟ್ಟು ನೋಡಿದೆ, ಹೊಂದಿಕೆ ಏನೂ ಸುಧಾರಿಸಲಿಲ್ಲ. ಆ ಮುಂಭಾಗದ ಬಾಕಿಗೆ 2015 ಕೈಯೇ ಹಚ್ಚಿಲ್ಲ.