ಡಾಲೀಸ್ ಬ್ರೇ ಕಥೆಗಳನ್ನು ನಾನು ಜರಡಿ ಹಿಡಿಯುವ ಬಗೆ

1849ರ ಜುಲೈ 12ರಂದು ಐರ್ಲೆಂಡಿನ ಡೌನ್ ಕೌಂಟಿಯ ಕ್ಯಾಸಲ್‌ವೆಲನ್ ಹತ್ತಿರ, ಡಾಲೀಸ್ ಬ್ರೇ ಗುಡ್ಡದ ಮಗ್ಗುಲಲ್ಲಿ, ಪ್ರೊಟೆಸ್ಟೆಂಟರ ಆರೆಂಜ್ ಸಂಘದ ಮೆರವಣಿಗೆಗೂ ರಿಬ್ಬನ್‌ಮನ್ ಎಂಬ ಕ್ಯಾಥೊಲಿಕ್ ಗುಪ್ತಸಂಘದವರಿಗೂ ಗುಂಡಿನ ಕಾಳಗವಾಯಿತು. ಎರಡೂ ಕಡೆ ಕಥೆ, ಲಾವಣಿ ಬೇಕಾದಷ್ಟಿವೆ. ಎಲ್ಲರೂ ಸತ್ತವರ ಲೆಕ್ಕಕ್ಕೆ ಕೈಹಾಕುತ್ತಾರೆ. ನಾನು ದಾರಿ ಹಿಡಿಯುತ್ತೇನೆ.

ಮೈಲಿಗೆ ಆರು ಇಂಚಿನ ಹಳೆಯ ಸರ್ವೆ ನಕ್ಷೆ ಹರಡಿ, ಮೆರವಣಿಗೆ ಹೊರಟ ರಾತ್‌ಫ್ರೈಲೆಂಡ್‌ನಿಂದ ಆರೆಂಜ್ ಮುಖಂಡ ಲಾರ್ಡ್ ರೋಡನ್‌ನ ಟಾಲಿಮೋರ್ ಪಾರ್ಕ್‌ವರೆಗೆ ಬೆರಳಾಡಿಸಿ. 1848ರಲ್ಲಿ ಮೆರವಣಿಗೆ ಗುಡ್ಡದ ಹಳೇ ದಾರಿ ಬಿಟ್ಟು ಹೊಸ ದಾರಿಯಲ್ಲಿ ಹೋಗಿತ್ತು. ಹೆದರಿದರು ಅಂತ ಹಾಡು ಕಟ್ಟಿ ಹಂಗಿಸಿದರು. ಮರುವರ್ಷ ಹಳೇ ದಾರಿಯೇ ಆಗಬೇಕೆಂಬ ಹಟ. ಬೆಳಿಗ್ಗೆ ಸೈನಿಕರು, ಪೊಲೀಸರ ಕಾವಲಿನಲ್ಲಿ ಸುಸೂತ್ರವಾಗಿ ದಾಟಿದರು. ಸಂಜೆ ವಾಪಸಾಗುವಾಗ ಗುಡ್ಡದ ಬಳಿಯ ಮಗೆರಮೇಯೊದಲ್ಲಿ ಕಾಳಗ ಹೊತ್ತಿಕೊಂಡಿತು. ಬಾಯಿಮಾತಿನ ಕಥೆಗಳು ಈ ಬೆಳಿಗ್ಗೆ-ಸಂಜೆಯನ್ನು ಸುಲಭವಾಗಿ ಕಲಸಿಬಿಡುತ್ತವೆ.

ಆಮೇಲೆ ಒಂದು ಹಾಳೆಗೆ ಮೂರು ಕಾಲಂ: ಆರೆಂಜ್ ಹಾಡು, ಕ್ಯಾಥೊಲಿಕರ ಹೇಳಿಕೆ, ಸರ್ಕಾರದ ಪರ ವಿಚಾರಣೆ ನಡೆಸಿದ ವಾಲ್ಟರ್ ಬರ್ವಿಕ್ ವರದಿ. ಅಡ್ಡಸಾಲುಗಳು ಆರು: ದಾರಿ, ಹೊತ್ತು, ಮೊದಲ ಗುಂಡು, ಪೊಲೀಸರು, ಸುಟ್ಟ ಮನೆಗಳು, ಸತ್ತವರು. ಮೊದಲ ಗುಂಡು ಯಾರದೆಂಬ ಸಾಲು ಹೊಂದುವುದಿಲ್ಲ, ಹೊಂದಿಸಲು ಹೋಗಲೂಬಾರದು. ಯಾರು ಯಾರ ಮೇಲೆ ತಪ್ಪು ಹೊರಿಸಿದರು ಅಂತಷ್ಟೇ ಬರೆದಿಡಿ. ಗುಡ್ಡಕ್ಕೆ ನುಗ್ಗಿದವರಲ್ಲಿ ಪೊಲೀಸರೂ ಇದ್ದರು. ಗೆಲುವಿನ ಹಾಡಿನ ಕಾಲಂನಲ್ಲಿ ಪೊಲೀಸರ ಸಾಲು, ಸುಟ್ಟ ಮನೆಗಳ ಸಾಲು ಖಾಲಿ ಬಿದ್ದರೆ ಆ ಖಾಲಿಯನ್ನೇ ಕೆಂಪು ಶಾಯಿಯಲ್ಲಿ ಗುರುತಿಸುತ್ತೇನೆ. ಸತ್ತವರು 30 ಎಂಬ ಅಂಕಿ ಎಲ್ಲೆಡೆ ಓಡಾಡುತ್ತದೆ, ಆದರೆ ಮೂಲದಿಂದ ಮೂಲಕ್ಕೆ ಏರಿಳಿಯುತ್ತದೆ. ಸತ್ತವರು ಕ್ಯಾಥೊಲಿಕರು ಅನ್ನುವುದು ಗಟ್ಟಿ.

ಹೊಸಬರು ಎಡವುವುದು ಐರಿಷ್ ಶಾಲಾಮಕ್ಕಳ ಜಾನಪದ ಸಂಗ್ರಹದಲ್ಲಿ. 1937ರಿಂದ 1939ರವರೆಗೆ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದ ಈ ಪುಸ್ತಕಗಳು ದಕ್ಷಿಣದ 26 ಕೌಂಟಿಗಳವು. ಡೌನ್ ಉತ್ತರ ಐರ್ಲೆಂಡಿಗೆ ಸೇರಿದ್ದು, ಅದನ್ನು ಈ ಸಂಗ್ರಹದಲ್ಲಿ ಹುಡುಕಿ ಪ್ರಯೋಜನವಿಲ್ಲ. ಇಂಥವೇ ಜಗಳಗಳಿಗಾಗಿ ಗಡಿಯ ಮೊನಹನ್, ಕ್ಯಾವನ್, ಡೊನೆಗಾಲ್ ಪುಸ್ತಕಗಳನ್ನು ತೆರೆಯಿರಿ. ಹೇಳಿದವರ ವಯಸ್ಸು ಕೊಟ್ಟಿದ್ದರೆ ಮೊದಲು ಕಳೆಯುವ ಲೆಕ್ಕ ಮಾಡಿ: 1938ರಲ್ಲಿ 80 ಅಂದರೆ ಹುಟ್ಟಿದ್ದು 1858ರ ಸುಮಾರು, 1849ರದ್ದು ಏನೇ ಹೇಳಿದರೂ ಕೇಳಿದ ಮಾತೇ. ಜಾತ್ರೆ, ಸಂತೆಗಳ ಬಡಿದಾಟಗಳನ್ನೂ ಬೇರೆ ಇಡಿ. 1834ರ ಕೆರ್ರಿಯ ಬ್ಯಾಲಿಈ ಕಾಳಗದಲ್ಲಿ ಎರಡೂ ಬಣ ಕ್ಯಾಥೊಲಿಕರೇ.

ಲಾವಣಿಯ ಕಾಲ ಗುರುತಿಸಲು ರೋಡನ್ ನೆರವಾಗುತ್ತಾನೆ. ಅವನ ಮ್ಯಾಜಿಸ್ಟ್ರೇಟ್ ಹುದ್ದೆ ಹೋದದ್ದು ಬರ್ವಿಕ್ ವರದಿಯ ನಂತರ. ಆ ಸಂಗತಿ ಹಾಡಿನಲ್ಲಿದ್ದರೆ ಅದು ಜುಲೈನ ಬಿಸಿಯಲ್ಲಿ ಕಟ್ಟಿದ್ದಲ್ಲ. ಪಕ್ಷಗಳ ಮೆರವಣಿಗೆ ನಿಷೇಧಿಸಿದ 1850ರ ಕಾನೂನಿನ ಮಾತು ಬಂದರಂತೂ ಹಾಡು ಅದಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ.